ನುಡಿಸುತ್ತ ಕಲಿಸುವವರು: ವಿಯೋಲಾ ವಾದಕರ ವೃತ್ತಿಯ ಒಳಹೊರಗು

1940ರ ದಶಕದ ಆರಂಭದ ಮಾತು. ಅಮೆರಿಕದ ಯುವ ಪಿಟೀಲು ವಾದಕಿ ಕ್ಯಾರನ್ ಟಟ್ಲ್, ವಿಲಿಯಂ ಪ್ರಿಮ್‌ರೋಸ್ ಅವರ ವಿಯೋಲಾ ಕಛೇರಿ ಕೇಳಿದವರೇ ತಮ್ಮನ್ನು ಶಿಷ್ಯೆಯಾಗಿ ಸ್ವೀಕರಿಸಬೇಕೆಂದು ಕೇಳಿಕೊಂಡರು. ಪ್ರಿಮ್‌ರೋಸ್ ಎರಡು ಷರತ್ತು ಹಾಕಿದರು. ತಾವು ಪಾಠ ಹೇಳುವ ಫಿಲಡೆಲ್ಫಿಯಾ ನಗರಕ್ಕೆ ಬಂದು ನೆಲೆಸಬೇಕು. ಪಿಟೀಲು ಬಿಟ್ಟು ವಿಯೋಲಾ ಹಿಡಿಯಬೇಕು. ಟಟ್ಲ್ ಎರಡಕ್ಕೂ ಒಪ್ಪಿದರು. ಮುಂದೆ ಕರ್ಟಿಸ್ ಸಂಗೀತ ಸಂಸ್ಥೆಯಲ್ಲಿ ಗುರುವಿಗೇ ಸಹಾಯಕಿಯಾದರು, ಕ್ವಾರ್ಟೆಟ್‌ಗಳಲ್ಲಿ ನುಡಿಸಿದರು, ಆಮೇಲೆ ದಶಕಗಳ ಕಾಲ ಪಾಠ ಹೇಳಿದರು. ಅವರ ಕೈಯಲ್ಲಿ ತಯಾರಾದ ಶಿಷ್ಯೆಯರಲ್ಲೊಬ್ಬರು ಕಿಮ್ ಕಷ್ಕಷಿಯನ್. ಕುರ್ತಾಗ್ ಮತ್ತು ಲಿಗೆಟಿ ಅವರ ವಿಯೋಲಾ ರಚನೆಗಳ ಧ್ವನಿಮುದ್ರಣಕ್ಕೆ 2013ರಲ್ಲಿ ಗ್ರ್ಯಾಮಿ ಪಡೆದ ಕಷ್ಕಷಿಯನ್, ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಅಧ್ಯಾಪಕಿ.

ಮೂರು ತಲೆಮಾರು, ಮೂವರೂ ವಾದಕರು, ಮೂವರೂ ಗುರುಗಳು. ವಿಯೋಲಾ ಲೋಕದಲ್ಲಿ ಇದು ಅಪರೂಪದ ಸಂಗತಿಯಲ್ಲ, ಅಲ್ಲಿನ ರೂಢಿಯೇ ಹೀಗೆ. ಕಛೇರಿ ಸಿಗದವರು ಪಾಠಕ್ಕೆ ಇಳಿಯುತ್ತಾರೆ ಎಂಬ ತಪ್ಪು ಕಲ್ಪನೆ ನಮ್ಮಲ್ಲೂ ಇದೆ, ಪಶ್ಚಿಮದಲ್ಲೂ ಇದೆ. ವಿಯೋಲಾದ ಚರಿತ್ರೆ ಈ ಕಲ್ಪನೆಯನ್ನು ಪೂರ್ತಿ ಸುಳ್ಳು ಮಾಡುತ್ತದೆ. ಈ ವಾದ್ಯವನ್ನು ವೃತ್ತಿಯಾಗಿ ಆಯ್ದುಕೊಳ್ಳುವವರು ವೇದಿಕೆ ಮತ್ತು ಪಾಠ ಎರಡಕ್ಕೂ ಮೊದಲ ದಿನದಿಂದಲೇ ತಯಾರಾಗುವುದು ಒಳ್ಳೆಯದು. ಮಗು ಪಾಶ್ಚಾತ್ಯ ಶೈಲಿಯ ಪಿಟೀಲು ಕಲಿಯುತ್ತಿದೆ, ಮುಂದೇನು ಎಂದು ಯೋಚಿಸುತ್ತಿರುವ ಬೆಂಗಳೂರಿನ ತಂದೆತಾಯಿಗಳಿಗೆ, ಅಮೆರಿಕದ ಶಾಲೆಯ ಆರ್ಕೆಸ್ಟ್ರಾದಲ್ಲಿ ವಿಯೋಲಾ ಆರಿಸಿಕೊಂಡಿರುವ ಕನ್ನಡದ ಮಕ್ಕಳ ಮನೆಯವರಿಗೆ ಈ ಲೇಖನ ಉಪಯೋಗಕ್ಕೆ ಬರಬಹುದು.

ವಾದ್ಯದ ಪರಿಚಯ

ನೋಡಲು ವಿಯೋಲಾ ದೊಡ್ಡ ಗಾತ್ರದ ಪಿಟೀಲಿನಂತೆಯೇ ಇರುತ್ತದೆ. ಪಿಟೀಲಿನ ತಂತಿಗಳು ಜಿ, ಡಿ, ಎ, ಇ. ವಿಯೋಲಾದವು ಸಿ, ಜಿ, ಡಿ, ಎ. ಮೇಲಿನ ತೀಕ್ಷ್ಣವಾದ ಇ ತಂತಿ ಇಲ್ಲಿಲ್ಲ, ಅದಕ್ಕೆ ಬದಲಾಗಿ ಕೆಳಗೊಂದು ಮಂದ್ರದ ತಂತಿ ಇದೆ. ನಮ್ಮ ಸಂಗೀತದ ಲೆಕ್ಕದಲ್ಲಿ ಹೇಳಿದರೆ, ಷಡ್ಜದಿಂದ ಪಂಚಮಕ್ಕಿರುವಷ್ಟು ಅಂತರ ಕೆಳಗಿಳಿದ ವಾದ್ಯ ಇದು. ನಾದ ಗಂಭೀರ, ತುಸು ಒರಟು, ಮನುಷ್ಯರ ಮಾತಿನ ದನಿಗೆ ಹತ್ತಿರ. ನಮ್ಮವರೇ ಆದ ಡಾ. ಎಂ. ಬಾಲಮುರಳಿಕೃಷ್ಣ ಅವರು ಗಾಯನದ ಜೊತೆಗೆ ವಿಯೋಲಾವನ್ನೂ ನುಡಿಸುತ್ತಿದ್ದರು. ಕರ್ನಾಟಕ ಸಂಗೀತಕ್ಕೆ ಈ ದನಿ ಒಗ್ಗುತ್ತದೆ ಎಂಬುದಕ್ಕೆ ಅಷ್ಟು ಸಾಕು.

ಗಾತ್ರದ ವಿಷಯದಲ್ಲಿ ವಿಯೋಲಾ ಒಂದು ರಾಜಿ. ಶ್ರುತಿ ಕೆಳಗಿಳಿದ ಪ್ರಮಾಣದಲ್ಲೇ ಒಡಲನ್ನೂ ಹಿಗ್ಗಿಸುತ್ತ ಹೋದರೆ, 14 ಇಂಚಿನ ಪಿಟೀಲು 21 ಇಂಚಿನ ವಿಯೋಲಾ ಆಗಬೇಕು. ಅಷ್ಟು ದೊಡ್ಡದನ್ನು ಗಲ್ಲದ ಕೆಳಗಿಟ್ಟು ನುಡಿಸಲು ಯಾರಿಂದಲೂ ಆಗದು. ಹೀಗಾಗಿ ತಯಾರಕರು ಸಾಮಾನ್ಯವಾಗಿ 15ರಿಂದ 17 ಇಂಚಿನ ಒಳಗೆ ನಿಲ್ಲುತ್ತಾರೆ. ಪಿಟೀಲಿಗಿರುವಂಥ ಒಂದೇ ಖಚಿತ ಅಳತೆ ವಿಯೋಲಾಕ್ಕೆ ಇಲ್ಲ. ಒಂದೊಂದರ ದನಿಯೂ ಬೇರೆ, ಹಿಡಿತವೂ ಬೇರೆ. ಇಂಗ್ಲೆಂಡಿನ ಲಯೊನೆಲ್ ಟರ್ಟಿಸ್ ಅವರು ಆರ್ಥರ್ ರಿಚರ್ಡ್‌ಸನ್ ಎಂಬ ವಾದ್ಯ ತಯಾರಕರ ಜೊತೆ ಸೇರಿ 16¾ ಇಂಚಿನ ಮಾದರಿಯೊಂದನ್ನು ರೂಪಿಸಿದರು. ರಿವ್ಕಾ ಗೊಲಾನಿ ಎಂಬ ವಾದಕಿಯ ಕೈ ಮೇಲಿನ ಸ್ವರಸ್ಥಾನಗಳಿಗೆ ಎಟುಕಲಿಲ್ಲವೆಂದು ತಯಾರಕ ಒಟ್ಟೊ ಎರ್ದೆಸ್ ವಾದ್ಯದ ಒಂದು ಭುಜವನ್ನೇ ಕತ್ತರಿಸಿ ತೆಗೆದರು. ಆ ವಿಚಿತ್ರ ಆಕಾರದ ವಿಯೋಲಾವನ್ನು ಹಿಡಿದೇ ಗೊಲಾನಿ ಜಗತ್ತಿನ ವೇದಿಕೆಗಳನ್ನು ಏರಿದರು.

ಕೊಳ್ಳುವವರಿಗೆ ಇದರಿಂದ ಒಂದು ಸೂಚನೆ: ವಿಯೋಲಾವನ್ನು ಚಿತ್ರ ನೋಡಿ ಆನ್‌ಲೈನ್‌ನಲ್ಲಿ ತರಿಸಬೇಡಿ. ಎಡಗೈ ಚಾಚಿ, ಮೊಣಕೈ ಸ್ವಲ್ಪ ಮಡಿಸಿದ ಸ್ಥಿತಿಯಲ್ಲೇ ಅಂಗೈ ವಾದ್ಯದ ತಲೆಯನ್ನು ಸುತ್ತಿ ಹಿಡಿಯುವಂತಿರಬೇಕು. ಕಿರುಬೆರಳು ಸಿ ತಂತಿಯನ್ನು ಮುಟ್ಟುವಾಗ ಮಣಿಕಟ್ಟು ತಿರುಚಿಕೊಳ್ಳಬಾರದು. ದನಿ ದೊಡ್ಡದಿದೆ ಎಂದು ಕೈಗೆ ಮೀರಿದ ವಾದ್ಯ ಕೊಂಡವರು ಕೆಲವೇ ವರ್ಷಗಳಲ್ಲಿ ಭುಜದ ನೋವಿಗೆ ಬೆಲೆ ತೆರುತ್ತಾರೆ. ಒಳ್ಳೆಯ 15½ ಇಂಚಿನ ವಿಯೋಲಾ, ಸಾಧಾರಣ 16½ ಇಂಚಿನದಕ್ಕಿಂತ ಎಷ್ಟೋ ಮೇಲು.

ಹಳೆಯ ಇಟಾಲಿಯನ್ ವಾದ್ಯಗಳ ಆಸೆ ಇಲ್ಲಿ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಸ್ಟ್ರಾಡಿವಾರಿ ತಯಾರಿಸಿದ ವಿಯೋಲಾಗಳಲ್ಲಿ ಉಳಿದಿರುವುದು ಹತ್ತು ಹನ್ನೆರಡಷ್ಟೇ. ಅವುಗಳಲ್ಲಿ ‘ಮ್ಯಾಕ್‌ಡೊನಾಲ್ಡ್’ ಎಂಬುದನ್ನು 2014ರಲ್ಲಿ 4.5 ಕೋಟಿ ಡಾಲರ್ ಕನಿಷ್ಠ ಬೆಲೆಗೆ ಮಾರಾಟಕ್ಕಿಟ್ಟಾಗ ಕೊಳ್ಳುವವರೇ ಬರಲಿಲ್ಲ. ಸಮಾಧಾನದ ಸಂಗತಿಯೆಂದರೆ, ಇಂದಿನ ತಯಾರಕರ ವಿಯೋಲಾಗಳನ್ನು ನುಡಿಸುವ ವೃತ್ತಿಪರರು ದೊಡ್ಡ ಆರ್ಕೆಸ್ಟ್ರಾಗಳಲ್ಲೂ ಬೇಕಾದಷ್ಟು ಇದ್ದಾರೆ.

ಎಂದು ಬದಲಾಯಿಸಬೇಕು?

ಹೆಚ್ಚಿನವರು ಪಿಟೀಲಿನಿಂದಲೇ ವಿಯೋಲಾಕ್ಕೆ ಬರುತ್ತಾರೆ. ಟರ್ಟಿಸ್ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪಿಟೀಲು ವಿದ್ಯಾರ್ಥಿಯಾಗಿದ್ದಾಗ ಕ್ವಾರ್ಟೆಟ್ಟಿಗೆ ವಿಯೋಲಾ ನುಡಿಸುವವರು ಬೇಕಾಯಿತೆಂದು ಹಿಡಿದರು. ಹೇಳಿಕೊಡುವವರಿಲ್ಲದೆ ಬಹುಮಟ್ಟಿಗೆ ತಾವೇ ಕಲಿತರು. ಪ್ರಿಮ್‌ರೋಸ್ ಬೆಲ್ಜಿಯಂನಲ್ಲಿ ಯೂಜೀನ್ ಇಸಾಯಿ ಅವರ ಬಳಿ ಪಿಟೀಲು ಕಲಿಯುತ್ತಿದ್ದಾಗ ಆ ಮಹಾಗುರುವೇ ವಿಯೋಲಾದ ಕಡೆ ತಿರುಗುವಂತೆ ಹುರಿದುಂಬಿಸಿದರು. 1930ರಲ್ಲಿ ಲಂಡನ್ ಸ್ಟ್ರಿಂಗ್ ಕ್ವಾರ್ಟೆಟ್ ಸೇರಿದ ಮೇಲೆ ಪ್ರಿಮ್‌ರೋಸ್ ಹಿಂದಿರುಗಿ ನೋಡಲಿಲ್ಲ.

ಮಗುವಿಗೆ ಹನ್ನೆರಡು ಹದಿಮೂರು ವರ್ಷ ತುಂಬಿ, ಕೈ ಬೆಳೆದು, ಪಿಟೀಲಿನಲ್ಲಿ ಶ್ರುತಿ ಮತ್ತು ಕಮಾನಿನ ಹಿಡಿತ ಗಟ್ಟಿಯಾದಾಗ ಬದಲಾಯಿಸುವುದು ಸುಲಭ. ಅದಕ್ಕೂ ಮೊದಲೇ ಆಸೆಪಟ್ಟರೆ ಚಿಕ್ಕ ಪಿಟೀಲಿಗೆ ವಿಯೋಲಾ ತಂತಿ ಹಾಕಿ ಕಲಿಸುವ ಪದ್ಧತಿಯೂ ಇದೆ. ಮೊದಲ ತೊಡಕು ಸ್ವರಲಿಪಿಯದು. ಪಿಟೀಲಿನವರು ಟ್ರೆಬಲ್ ಕ್ಲೆಫ್ ಓದುತ್ತಾರೆ, ವಿಯೋಲಾದವರು ಆಲ್ಟೋ ಕ್ಲೆಫ್. ಬೆರಳಿನ ಲೆಕ್ಕದಲ್ಲಿ ಅಡ್ಡದಾರಿ ಹಿಡಿದು ಓದುವವರು ಮುಂದೆ ಆರ್ಕೆಸ್ಟ್ರಾದಲ್ಲಿ ತಡವರಿಸುತ್ತಾರೆ. ಸ್ವರದ ಹೆಸರು ಹಿಡಿದೇ ಹೊಸದಾಗಿ ಓದು ಕಲಿಯುವುದು ಒಳ್ಳೆಯದು. ಎರಡನೆಯದು ಕಮಾನು. ಪಿಟೀಲಿನ ಕಮಾನು ಸುಮಾರು 60 ಗ್ರಾಂ ತೂಗಿದರೆ ವಿಯೋಲಾದ್ದು ಸುಮಾರು 70 ಗ್ರಾಂ. ದಪ್ಪ ತಂತಿ ದನಿಗೊಡಲು ತುಸು ಹೊತ್ತು ಹಿಡಿಯುತ್ತದೆ. ಕಮಾನನ್ನು ನಿಧಾನವಾಗಿ, ತೋಳಿನ ಭಾರ ಬಿಟ್ಟು ಎಳೆಯಬೇಕು. ಒತ್ತಿದರೆ ದನಿ ಹಿಸುಕಿಹೋಗುತ್ತದೆ. ಬೆರಳುಗಳ ನಡುವಿನ ಅಂತರವೂ ಅಗಲ. ಒಂದು ವರ್ಷ ಈ ಹೊಂದಾಣಿಕೆಗೇ ಹೋದರೂ ಅದು ವ್ಯರ್ಥವಲ್ಲ.

ಅವಕಾಶದ ಲೆಕ್ಕ ಸರಳ. ಕ್ವಾರ್ಟೆಟ್ಟಿನಲ್ಲಿ ಇಬ್ಬರು ಪಿಟೀಲಿನವರಿಗೆ ಒಬ್ಬರು ವಿಯೋಲಾದವರು ಬೇಕು. ಪೂರ್ಣ ಪ್ರಮಾಣದ ಆರ್ಕೆಸ್ಟ್ರಾದಲ್ಲಿ ಪಿಟೀಲು ಸುಮಾರು 30, ವಿಯೋಲಾ ಸುಮಾರು 12. ಆದರೆ ಪಿಟೀಲು ಕಲಿಯುವವರ ಸಂಖ್ಯೆ ವಿಯೋಲಾ ಕಲಿಯುವವರಿಗಿಂತ ಎಷ್ಟೋ ಪಾಲು ಹೆಚ್ಚು. ಊರಿನ ಹವ್ಯಾಸಿ ತಂಡಗಳಲ್ಲಂತೂ ವಿಯೋಲಾ ಬರುತ್ತದೆ ಎಂದರೆ ಕರೆದು ಕೂರಿಸುತ್ತಾರೆ. ಹಾಗೆಂದು ಪಿಟೀಲಿನಲ್ಲಿ ಹಿಂದುಳಿದವರನ್ನು ಇತ್ತ ಕಳಿಸುವ ಹಳೆಯ ಚಾಳಿ ಮಾತ್ರ ತಪ್ಪು. ಮೊಜಾರ್ಟ್, ಬೀಥೋವನ್, ಶೂಬರ್ಟ್ ಮೂವರೂ ವಿಯೋಲಾ ನುಡಿಸಿದವರು. ದ್ವೊರ್ಜಾಕ್ ಹೆಸರಾಗುವ ಮೊದಲು ಹತ್ತಿರ ಹತ್ತಿರ ಹತ್ತು ವರ್ಷ ಪ್ರಾಗ್ ನಗರದ ರಂಗಮಂದಿರದ ಆರ್ಕೆಸ್ಟ್ರಾದಲ್ಲಿ ವಿಯೋಲಾ ನುಡಿಸಿ ಹೊಟ್ಟೆ ಹೊರೆದರು. ಸಂಗೀತದ ನಡುಮನೆಯಲ್ಲಿ ಕುಳಿತು ಮೇಲಿನ ದನಿ ಕೆಳಗಿನ ದನಿ ಎರಡನ್ನೂ ಕೇಳಿಸಿಕೊಳ್ಳುವ ಕಿವಿ ಈ ವಾದ್ಯಕ್ಕೆ ಬೇಕು.

ಗ್ರೇಡ್‌ನಿಂದ ಪದವಿಗೆ

ಭಾರತದಲ್ಲಿ ಕಲಿಯುವವರಿಗೆ ಮೊದಲ ಮೆಟ್ಟಿಲು ಟ್ರಿನಿಟಿ ಕಾಲೇಜ್ ಲಂಡನ್ ಮತ್ತು ಎಬಿಆರ್‌ಎಸ್‌ಎಂ ನಡೆಸುವ ಗ್ರೇಡ್ ಪರೀಕ್ಷೆಗಳು. ಎರಡರಲ್ಲೂ ವಿಯೋಲಾಕ್ಕೆ ಪ್ರತ್ಯೇಕ ಪಠ್ಯಕ್ರಮ ಇದೆ, ಎಂಟನೇ ಗ್ರೇಡ್‌ವರೆಗೆ. ಎಬಿಆರ್‌ಎಸ್‌ಎಂನಲ್ಲಿ ಆರನೇ ಗ್ರೇಡ್‌ಗೆ ಹೋಗುವ ಮೊದಲು ಸಾಮಾನ್ಯವಾಗಿ ಐದನೇ ಗ್ರೇಡ್ ಥಿಯರಿ ಮುಗಿಸಬೇಕು. ಟ್ರಿನಿಟಿಯಲ್ಲಿ ಆ ಕಡ್ಡಾಯ ಇಲ್ಲ. ಕಡ್ಡಾಯ ಇರಲಿ ಬಿಡಲಿ, ಥಿಯರಿ ಬಿಡಬೇಡಿ. ಮುಂದೆ ಪಾಠ ಹೇಳುವವರಿಗೆ ಅದೇ ಬಂಡವಾಳ. ಎಂಟು ಗ್ರೇಡ್ ಮುಗಿದ ಮೇಲೆ ಡಿಪ್ಲೊಮಾಗಳಿವೆ. ಆದರೆ ಸರ್ಟಿಫಿಕೇಟುಗಳ ಫೈಲ್ ನೋಡಿ ವಿದೇಶದ ಯಾವ ಒಳ್ಳೆಯ ಕನ್ಸರ್ವೇಟರಿಯೂ ಸೀಟು ಕೊಡುವುದಿಲ್ಲ. ಮೊದಲು ವಿಡಿಯೊ, ಆಮೇಲೆ ನೇರ ಆಡಿಷನ್. ಅಲ್ಲಿ ಬಾಖ್‌ನ ಸೆಲ್ಲೊ ಸೂಟ್‌ಗಳ ವಿಯೋಲಾ ರೂಪ, ಒಂದು ಕಂಚೆರ್ಟೊ (ಆರ್ಕೆಸ್ಟ್ರಾ ಜೊತೆಗಿನ ಏಕವಾದನ ಕೃತಿ), ಒಂದು ಎಟ್ಯೂಡ್ (ಅಭ್ಯಾಸಕೃತಿ) ಇವನ್ನು ಶುದ್ಧ ಶ್ರುತಿಯಲ್ಲಿ, ತನ್ನದೇ ಆದ ದನಿಯಲ್ಲಿ ನುಡಿಸಿ ತೋರಿಸಬೇಕು.

ಖರ್ಚಿನ ಬಗ್ಗೆ ತಂದೆತಾಯಿಗಳಿಗೆ ಇರುವ ಹೆದರಿಕೆ ಪೂರ್ತಿ ಸರಿಯಲ್ಲ. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ 1928ರಿಂದ ತನ್ನ ಎಲ್ಲ ವಿದ್ಯಾರ್ಥಿಗಳಿಗೂ ಪೂರ್ಣ ಬೋಧನಾ ಶುಲ್ಕದ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಪ್ರವೇಶ ಸಿಗುವುದು ಮಾತ್ರ ಬಲು ಕಷ್ಟ. ಜರ್ಮನಿಯ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ ಅಥವಾ ಕಡಿಮೆ. ಆದರೆ ಬಾಡನ್-ವುರ್ಟಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ. ಊಟ ವಸತಿಯ ಖರ್ಚು ಬೇರೆ. ಜರ್ಮನ್ ಭಾಷೆಯನ್ನು ಹೊರಡುವ ಮೊದಲೇ ಕಲಿತರೆ ಅಲ್ಲಿ ಪಾಠ ಹೇಳಿ ಸ್ವಲ್ಪ ಸಂಪಾದಿಸಲೂ ದಾರಿಯಾಗುತ್ತದೆ. ಕಾಲೇಜಿನ ಹೆಸರಿಗಿಂತ ಮುಖ್ಯವಾದದ್ದು ಗುರು ಯಾರು ಎಂಬುದು. ಅರ್ಜಿ ಹಾಕುವ ಮೊದಲು ಆ ಅಧ್ಯಾಪಕರಿಗೆ ಬರೆದು, ಒಂದು ಪಾಠ ಕೇಳಿ, ಆಮೇಲೆ ತೀರ್ಮಾನಿಸುವುದು ಅಲ್ಲಿನ ವಾಡಿಕೆ.

ಪರದೆಯ ಹಿಂದಿನ ಕೆಲವು ನಿಮಿಷ

ಆರ್ಕೆಸ್ಟ್ರಾ ಕೆಲಸಕ್ಕೆ ಸಂದರ್ಶನ ಎಂದರೆ ಆಡಿಷನ್. ಅಮೆರಿಕದಲ್ಲಿ, ಯುರೋಪಿನ ಹಲವು ಕಡೆಗಳಲ್ಲಿ, ಮೊದಲ ಸುತ್ತು ಪರದೆಯ ಹಿಂದೆ. ನುಡಿಸುವವರು ಯಾರು, ಹೆಣ್ಣೊ ಗಂಡೊ, ಎಲ್ಲಿಯವರು ಎಂಬುದು ತೀರ್ಪುಗಾರರಿಗೆ ಕಾಣಿಸದು. ವಿಯೋಲಾದವರಿಗೆ ಯುರೋಪಿನಲ್ಲಿ ಬಹುತೇಕ ತಪ್ಪದ ಪ್ರಶ್ನೆ ಸ್ಟಾಮಿಟ್ಸ್ ಅಥವಾ ಹಾಫ್‌ಮೈಸ್ಟರ್ ರಚಿಸಿದ ಡಿ ಮೇಜರ್ ಕಂಚೆರ್ಟೊ. ಕೇಳಲು ಸರಳ, ಅದಕ್ಕೇ ಅಪಾಯ. ಶ್ರುತಿಯ, ಲಯದ ಸಣ್ಣ ಊನವೂ ಬೆತ್ತಲಾಗಿ ಕಾಣುತ್ತದೆ. ಮುಂದಿನ ಸುತ್ತಿಗೆ ಬಾರ್ಟೊಕ್, ವಾಲ್ಟನ್ ಅಥವಾ ಹಿಂಡೆಮಿತ್ ಅವರ ಕಂಚೆರ್ಟೊ. ಆಮೇಲೆ ಆರ್ಕೆಸ್ಟ್ರಾ ಕೃತಿಗಳ ಆಯ್ದ ಭಾಗಗಳು: ರಿಚರ್ಡ್ ಸ್ಟ್ರಾಸ್‌ನ ‘ಡಾನ್ ವಾನ್’, ಮೆಂಡಲ್‌ಸನ್‌ನ ‘ಮಿಡ್‌ಸಮರ್ ನೈಟ್ಸ್ ಡ್ರೀಮ್’ ಸ್ಕೆರ್ಟ್ಸೊ, ಬೀಥೋವನ್‌ನ ಐದನೇ ಸಿಂಫನಿಯ ಎರಡನೇ ಭಾಗ. ಈ ಪಟ್ಟಿ ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಬದಲಾಗದು. ಪದವಿಯ ಮೊದಲ ವರ್ಷದಿಂದಲೇ ವಾರಕ್ಕೊಂದರಂತೆ ಕಲಿತಿಟ್ಟುಕೊಂಡವರಿಗೆ ಕೊನೆಯ ತಿಂಗಳ ಗಾಬರಿ ಇರುವುದಿಲ್ಲ.

ಗೆದ್ದರೂ ಕೆಲಸ ಕೂಡಲೇ ಖಾಯಂ ಆಗುವುದಿಲ್ಲ. ಜರ್ಮನಿಯಲ್ಲಿ ಸಾಮಾನ್ಯವಾಗಿ ಒಂದು ವರ್ಷ ಪರೀಕ್ಷಾರ್ಥ ಅವಧಿ. ಬ್ರಿಟನ್ನಿನಲ್ಲಿ ತಿಂಗಳುಗಟ್ಟಲೆ ಆಗಾಗ ಕರೆದು ಜೊತೆಯಲ್ಲಿ ಕೂರಿಸಿ ನೋಡುತ್ತಾರೆ. ಪಕ್ಕದವರ ಕಮಾನಿನ ಜೊತೆ ಕಮಾನು ಓಡಿಸುವುದು, ತನ್ನ ದನಿಯನ್ನು ಗುಂಪಿನ ದನಿಯಲ್ಲಿ ಕರಗಿಸುವುದು, ಸಮಯಕ್ಕೆ ಹಾಜರಾಗುವುದು ಎಲ್ಲಕ್ಕೂ ಅಲ್ಲಿ ಅಂಕ ಇದೆ.

ಸಂಬಳದ ಸ್ವರೂಪ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯ ಆರ್ಕೆಸ್ಟ್ರಾಗಳು ಬಹುಮಟ್ಟಿಗೆ ಸರ್ಕಾರದ ಹಣದಲ್ಲಿ ನಡೆಯುತ್ತವೆ, ವಾದಕರಿಗೆ ತಿಂಗಳ ಸಂಬಳ. ಲಂಡನ್ ಸಿಂಫನಿ, ಲಂಡನ್ ಫಿಲ್‌ಹಾರ್ಮೋನಿಕ್, ರಾಯಲ್ ಫಿಲ್‌ಹಾರ್ಮೋನಿಕ್, ಫಿಲ್‌ಹಾರ್ಮೋನಿಯಾ ಈ ನಾಲ್ಕೂ ವಾದಕರೇ ಆಡಳಿತ ನಡೆಸುವ ಸಂಸ್ಥೆಗಳು. ಸದಸ್ಯರೂ ನುಡಿಸಿದ ಕಛೇರಿಯ ಲೆಕ್ಕದಲ್ಲೇ ಹಣ ಪಡೆಯುವ ಸ್ವತಂತ್ರ ವೃತ್ತಿಯವರು. ಹೀಗಾಗಿ ಲಂಡನ್ನಿನ ದೊಡ್ಡ ವಾದಕರಿಗೂ ಪಾಠದ ಆದಾಯ ಬೇಕೇ ಬೇಕು. ಈ ಫಿಲ್‌ಹಾರ್ಮೋನಿಯಾಕ್ಕೆ ಆರಂಭದ ವರ್ಷಗಳಲ್ಲಿ ಹಣದ ಆಸರೆಯಾಗಿ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದದ್ದು ಅದೇ ಆರ್ಕೆಸ್ಟ್ರಾದಿಂದ, ಅದೇ ಮಹಾರಾಜರ ಧನಸಹಾಯದಿಂದ.

ಪಾಠದ ಕೋಣೆ

ಕಲಿಸುವುದು ಬಿಡುವಿನ ವೇಳೆಯ ಕೆಲಸವಲ್ಲ. ಟರ್ಟಿಸ್ ಉದಾಹರಣೆ ನೋಡಿ. ಅವರ ಕಾಲದಲ್ಲಿ ವಿಯೋಲಾಕ್ಕೆ ಏಕವಾದನದ ಕೃತಿಗಳೇ ವಿರಳ. ರಾಯಲ್ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಅದೇ ಸಂಸ್ಥೆಯಲ್ಲಿ ಬೆಳೆಯುತ್ತಿದ್ದ ಯುವ ಸಂಯೋಜಕರ ಬೆನ್ನುಬಿದ್ದು ಬರೆಸಿದರು. ಯಾರ್ಕ್ ಬೋವನ್, ಬೆಂಜಮಿನ್ ಡೇಲ್, ಅರ್ನಾಲ್ಡ್ ಬ್ಯಾಕ್ಸ್ ಅವರ ವಿಯೋಲಾ ಕೃತಿಗಳು ಹುಟ್ಟಿದ್ದು ಹೀಗೆ. ಅದೇ ಟರ್ಟಿಸ್ ವಿಲಿಯಂ ವಾಲ್ಟನ್ ಕಳಿಸಿದ ಕಂಚೆರ್ಟೊವನ್ನು ತೀರಾ ಹೊಸತೆಂದು ಹಿಂದಕ್ಕೆ ಕಳಿಸಿದರು. 1929ರ ಅಕ್ಟೋಬರ್‌ನಲ್ಲಿ ಅದನ್ನು ಮೊದಲು ನುಡಿಸಿದವರು ಜರ್ಮನಿಯ ಪಾಲ್ ಹಿಂಡೆಮಿತ್. ಟರ್ಟಿಸ್ ಆ ಕಛೇರಿ ಕೇಳಿ ತಮ್ಮ ನಿರ್ಧಾರಕ್ಕೆ ಪರಿತಪಿಸಿದರು. ಮುಂದೆ ಆ ಕೃತಿಯನ್ನು ಕಲಿತು ಹಲವೆಡೆ ನುಡಿಸಿದರು. ಪ್ರಿಮ್‌ರೋಸ್ ಬಾರ್ಟೊಕ್ ಅವರಿಗೆ ದುಡ್ಡು ಕೊಟ್ಟು ಕಂಚೆರ್ಟೊ ಬರೆಯಲು ಕೇಳಿದರು. ಬಾರ್ಟೊಕ್ 1945ರಲ್ಲಿ ಅದನ್ನು ಮುಗಿಸದೆ ತೀರಿಕೊಂಡರು. ಸಂಯೋಜಕ ಟಿಬೋರ್ ಶೆರ್ಲಿ ಹಸ್ತಪ್ರತಿಗಳಿಂದ ಕೃತಿಯನ್ನು ಪೂರ್ಣಗೊಳಿಸಿದರು. 1949ರ ಡಿಸೆಂಬರ್ 2ರಂದು ಮಿನಿಯಾಪೊಲಿಸ್‌ನಲ್ಲಿ ಪ್ರಿಮ್‌ರೋಸ್ ನುಡಿಸಿದ ಆ ಕಂಚೆರ್ಟೊ ಇಂದು ಎಲ್ಲ ವಿಯೋಲಾ ವಿದ್ಯಾರ್ಥಿಗಳ ಪಠ್ಯ. ವೇದಿಕೆಯಲ್ಲಿದ್ದವರು ಪಾಠದ ಕೋಣೆಗೆ ತಂದುಕೊಟ್ಟ ಆಸ್ತಿ ಇವು.

ಇಂದಿನ ವಿಯೋಲಾ ಶಿಕ್ಷಕರ ದಿನಚರಿ ಇಷ್ಟು ಭವ್ಯವಾಗಿರುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ಪಿಟೀಲಿನ ಮಕ್ಕಳೇ. ಹೀಗಾಗಿ ಪಿಟೀಲು ಕಲಿಸುವ ಕ್ರಮವೂ ಚೆನ್ನಾಗಿ ತಿಳಿದಿರಬೇಕು. ಸುಜುಕಿ ಪದ್ಧತಿಯಲ್ಲಿ ವಿಯೋಲಾಕ್ಕೇ ಪ್ರತ್ಯೇಕ ಪುಸ್ತಕಗಳಿವೆ. ಪಿಟೀಲಿನ ಮಕ್ಕಳನ್ನು ಇತ್ತ ತರಲು ಅನುಕೂಲ. ಚಿಕ್ಕವರಿಗೆ ಅರ್ಧ ಗಂಟೆ, ದೊಡ್ಡವರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಪಾಠ ಸಾಕು. ಚಿಕ್ಕ ಮಕ್ಕಳ ಪಾಠದಲ್ಲಿ ತಾಯಿಯೋ ತಂದೆಯೋ ಕೋಣೆಯಲ್ಲೇ ಕೂರಲಿ. ಮನೆಯಲ್ಲಿ ಅಭ್ಯಾಸ ಮಾಡಿಸಲು ಅವರಿಗೆ ಗೊತ್ತಿರುತ್ತದೆ, ಮಗುವಿಗೂ ಧೈರ್ಯ, ಶಿಕ್ಷಕರಿಗೂ ಕ್ಷೇಮ.

ಕ್ಯಾರನ್ ಟಟ್ಲ್ ಅವರ ಪಾಠಕ್ರಮ ಇಲ್ಲಿ ನೆನೆಯಬೇಕಾದದ್ದು. ತಾವೇ ದೇಹದ ಬಿಗಿತದಿಂದ ನರಳಿದ್ದ ಅವರು, ಪ್ರಿಮ್‌ರೋಸ್ ಅಷ್ಟು ಸಲೀಸಾಗಿ ಹೇಗೆ ನುಡಿಸುತ್ತಾರೆ ಎಂದು ಗಮನಿಸುತ್ತ ಹೋದರು. ಕತ್ತು, ಭುಜ, ತೋಳು, ಉಸಿರು ಇವೆಲ್ಲ ಸಂಗೀತದ ಭಾವದ ಜೊತೆ ಯಾವಾಗ ಸಡಿಲವಾಗಬೇಕು ಎಂಬುದನ್ನು ಕ್ರಮಬದ್ಧವಾಗಿ ಹೇಳಿಕೊಡತೊಡಗಿದರು. ‘ಕೋಆರ್ಡಿನೇಷನ್’ ಎಂದೇ ಹೆಸರಾದ ಆ ವಿಧಾನವನ್ನು ಅವರ ಶಿಷ್ಯರು ಇಂದಿಗೂ ಶಿಬಿರಗಳಲ್ಲಿ ಕಲಿಸುತ್ತಾರೆ. ಸಹಜವಾಗಿ ಕೈಗೂಡಿದವರಿಗೆ ಅದನ್ನು ವಿವರಿಸುವ ಅಗತ್ಯ ಬೀಳುವುದಿಲ್ಲ. ಪಾಠ ಹೇಳಲು ಕುಳಿತಾಗ ಮಾತ್ರ ತನ್ನ ಬೆರಳು ಏನು ಮಾಡುತ್ತಿದೆ ಎಂದು ನಿಲ್ಲಿಸಿ ನೋಡಲೇಬೇಕಾಗುತ್ತದೆ, ಆ ನೋಟ ಮರುದಿನದ ಸಾಧನೆಯನ್ನೂ ಚೊಕ್ಕ ಮಾಡುತ್ತದೆ. ಕಲಿಸುವುದರಿಂದ ವಾದನ ಕೆಡುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಇಲ್ಲ.

ಕೆಡುವ ಸಾಧ್ಯತೆಯೂ ಇದೆ, ಅದು ವೇಳೆಯ ಹಂಚಿಕೆ ತಪ್ಪಿದಾಗ. ಮಕ್ಕಳು ಶಾಲೆ ಬಿಟ್ಟು ಬರುವುದು ಸಂಜೆ; ರಿಹರ್ಸಲ್, ಕಛೇರಿ ಇರುವುದೂ ಸಂಜೆ ಮತ್ತು ವಾರದ ಕೊನೆ. ಎರಡೂ ಡಿಕ್ಕಿ ಹೊಡೆಯುತ್ತವೆ. ಅನುಭವಿಗಳು ಕಂಡುಕೊಂಡ ದಾರಿ ಇಷ್ಟು: ಬೆಳಗಿನ ಎರಡು ಮೂರು ಗಂಟೆ ತನ್ನ ಸಾಧನೆಗೆ ಮೀಸಲು, ಆ ಹೊತ್ತಿಗೆ ಪಾಠ ಒಪ್ಪಿಕೊಳ್ಳುವುದೇ ಇಲ್ಲ. ಪಾಠಗಳನ್ನು ವಾರದ ಮೂರು ನಾಲ್ಕು ಸಂಜೆಗಳಿಗೆ ಒಟ್ಟುಗೂಡಿಸುತ್ತಾರೆ. ಕಛೇರಿಗಳ ದಿನಾಂಕವನ್ನು ಮೂರು ತಿಂಗಳ ಮುಂಚೆಯೇ ಪೋಷಕರಿಗೆ ತಿಳಿಸಿ, ತಪ್ಪುವ ಪಾಠವನ್ನು ಎಂದು ತುಂಬಿಕೊಡುವುದೆಂದು ಆಗಲೇ ಹೇಳಿಬಿಡುತ್ತಾರೆ. ಶುಲ್ಕ ತಿಂಗಳ ಮೊದಲಲ್ಲೇ, ಹಿಂದಿನ ದಿನ ತಿಳಿಸದೆ ತಪ್ಪಿಸಿದ ಪಾಠಕ್ಕೆ ಹಣ ವಾಪಸ್ಸಿಲ್ಲ ಎಂಬಂಥ ನಿಯಮಗಳನ್ನು ಬರೆದು ಕೊಡುತ್ತಾರೆ. ಗುರುಗಳು ದುಡ್ಡಿನ ಮಾತಾಡಬಾರದು ಎಂಬ ಸಂಕೋಚ ನಮ್ಮಲ್ಲಿ ಬಲವಾಗಿದೆ. ಆ ಸಂಕೋಚದಿಂದ ಒಳ್ಳೆಯ ಶಿಕ್ಷಕರು ಪಾಠ ಬಿಟ್ಟು ಬೇರೆ ಉದ್ಯೋಗ ಹಿಡಿದರೆ ನಷ್ಟ ಮಕ್ಕಳಿಗೇ.

ಆನ್‌ಲೈನ್ ಪಾಠ ವಿದೇಶದ ಕನ್ನಡ ಮಕ್ಕಳಿಗೆ ಅನುಕೂಲವೇ. ಆದರೆ ಕಂಪ್ಯೂಟರಿನ ಸ್ಪೀಕರ್ ಸಿ ತಂತಿಯ ಮಂದ್ರವನ್ನು ಸರಿಯಾಗಿ ಒಯ್ಯುವುದಿಲ್ಲ, ಭುಜದ ಬಿಗಿತ ತೆರೆಯ ಮೇಲೆ ಕಾಣುವುದಿಲ್ಲ. ತಿಂಗಳಿಗೊಮ್ಮೆಯಾದರೂ ಹತ್ತಿರದ ಶಿಕ್ಷಕರೊಬ್ಬರ ಕಣ್ಣಿಗೆ ಬೀಳುವ ಏರ್ಪಾಡು ಇರಲಿ.

ಕಿವಿ, ಭುಜ, ಮಳೆಗಾಲ

ರಾಯಲ್ ಓಪೆರಾ ಹೌಸಿನ ವಿಯೋಲಾ ವಾದಕರೊಬ್ಬರು 2012ರಲ್ಲಿ ವಾಗ್ನರ್‌ನ ‘ಡೀ ವಾಲ್ಕ್ಯೂರೆ’ ಓಪೆರಾದ ರಿಹರ್ಸಲ್‌ನಲ್ಲಿ ಹಿತ್ತಾಳೆ ವಾದ್ಯಗಳ ಮುಂದೆ ಕುಳಿತಿದ್ದರು. ಆ ಅಬ್ಬರಕ್ಕೆ ಕಿವಿಗೆ ಖಾಯಂ ಹಾನಿಯಾಗಿ, ಸಾಮಾನ್ಯ ಸದ್ದೂ ಸಹಿಸಲಾಗದೆ ವೃತ್ತಿಯನ್ನೇ ಬಿಡಬೇಕಾಯಿತು. 2018ರಲ್ಲಿ ಲಂಡನ್ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಸಂಸ್ಥೆಯ ಹೊಣೆಯನ್ನು ಎತ್ತಿಹಿಡಿಯಿತು. ಆರ್ಕೆಸ್ಟ್ರಾದ ನಡುವೆ ಕೂರುವ ವಿಯೋಲಾದವರ ಬೆನ್ನಿಗೇ ತುತ್ತೂರಿಗಳಿರುವುದು ಸಾಮಾನ್ಯ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಕೊಳ್ಳಿ, ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಭುಜ, ಕತ್ತು, ಮಣಿಕಟ್ಟಿನಲ್ಲಿ ಎರಡು ವಾರ ಮೀರಿದ ನೋವು ಇದ್ದರೆ ಸಾಧನೆ ಹೆಚ್ಚಿಸಿ ಸರಿಮಾಡಲು ಹೋಗದೆ ಫಿಸಿಯೊಥೆರಪಿಸ್ಟರನ್ನು ಕಾಣಿ. ಹೋಗುವಾಗ ವಾದ್ಯ ಕೊಂಡುಹೋಗಿ ಅವರೆದುರು ನುಡಿಸಿ ತೋರಿಸಿ.

ವಾದ್ಯದ ಆರೋಗ್ಯಕ್ಕೂ ಖರ್ಚಿದೆ. ಮಂಗಳೂರು, ಮುಂಬೈಗಳ ಮಳೆಗಾಲದ ತೇವಕ್ಕೆ ಅಂಟು ಬಿಡುತ್ತದೆ, ಬಿರಡೆಗಳು ಕಚ್ಚಿಕೊಳ್ಳುತ್ತವೆ. ಬಯಲುಸೀಮೆಯ ಬೇಸಿಗೆಗೆ ಮರ ಬಿರಿಯಬಹುದು. ಪೆಟ್ಟಿಗೆಯೊಳಗೆ ತೇವಾಂಶ ತೋರಿಸುವ ಸಣ್ಣ ಮಾಪಕ ಇಟ್ಟು ಶೇ 40ರಿಂದ 60ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ವಿಯೋಲಾ ಬಿಡಲೇಬಾರದು. ವಿದೇಶಕ್ಕೆ ಒಯ್ಯುವವರು ಖರೀದಿ ರಸೀದಿ ಜೊತೆಗಿಟ್ಟುಕೊಳ್ಳಲಿ. ಹಳೆಯ ಕಮಾನುಗಳ ತುದಿಯಲ್ಲಿ ಆನೆದಂತ ಇದ್ದರೆ ಗಡಿಯಲ್ಲಿ ತೊಂದರೆಯಾಗಬಹುದು. ಕಮಾನಿಗೆ ಬಳಸುವ ಬ್ರೆಜಿಲ್‌ನ ಪರ್ನಾಂಬುಕೊ ಮರವೂ 2007ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ.

ನಮ್ಮ ನೆಲದಲ್ಲಿ

ಭಾರತದಲ್ಲಿ ವೃತ್ತಿಪರ ಸಿಂಫನಿ ಎಂದರೆ ಮುಖ್ಯವಾಗಿ ಮುಂಬೈನ ಪ್ರದರ್ಶನ ಕಲೆಗಳ ರಾಷ್ಟ್ರೀಯ ಕೇಂದ್ರದಲ್ಲಿ (ಎನ್‌ಸಿಪಿಎ) 2006ರಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅದರ ವಾದಕರಲ್ಲಿ ಕಜಾಕಿಸ್ತಾನ ಮೊದಲಾದ ಕಡೆಗಳಿಂದ ಬಂದವರೇ ಹೆಚ್ಚು. ಅವರೇ ಅಲ್ಲಿನ ಅಕಾಡೆಮಿಯಲ್ಲಿ ಭಾರತೀಯ ಮಕ್ಕಳಿಗೆ ಪಾಠವನ್ನೂ ಹೇಳುತ್ತಾರೆ. ನುಡಿಸುತ್ತ ಕಲಿಸುವ ಮಾದರಿ ನಮ್ಮ ದೇಶದಲ್ಲೇ ಬೇರೂರುತ್ತಿರುವುದು ಸಂತೋಷದ ಸಂಗತಿ. ಚೆನ್ನೈನಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ತೆರೆದರು. ಅದೇ ಊರಿನ ಪಿಟೀಲು ವಾದಕ ವಿ.ಎಸ್. ನರಸಿಂಹನ್ ಅವರ ಮದ್ರಾಸ್ ಸ್ಟ್ರಿಂಗ್ ಕ್ವಾರ್ಟೆಟ್ ಕರ್ನಾಟಕ ಸಂಗೀತದ ಕೃತಿಗಳನ್ನು ಎರಡು ಪಿಟೀಲು, ವಿಯೋಲಾ, ಸೆಲ್ಲೊಗಳಿಗೆ ಹಂಚಿ ನುಡಿಸುತ್ತ ಬಂದಿದೆ. ಬೆಂಗಳೂರಿನಲ್ಲಿ 1987ರಲ್ಲಿ ಸ್ಥಾಪನೆಯಾದ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಕಡೆಗಳಲ್ಲಿ ಪಾಶ್ಚಾತ್ಯ ಸಂಗೀತ ಕಲಿತು ಬೆಳೆದ ತಲೆಮಾರೇ ಇದೆ. ಸಿನಿಮಾ ಧ್ವನಿಮುದ್ರಣ, ಚರ್ಚ್ ಮತ್ತು ಕಾಯರ್ ಕಾರ್ಯಕ್ರಮ, ಶಾಲೆಗಳ ಸಂಗೀತ ಶಿಕ್ಷಕ ಹುದ್ದೆ, ಖಾಸಗಿ ಪಾಠ ಇವೆಲ್ಲ ಸೇರಿದರೆ ಒಬ್ಬ ವಾದಕರ ಜೀವನ ಸಾಗಬಹುದು. ಬರೀ ವೇದಿಕೆಯನ್ನೇ ನಂಬಿ ಕೂತರೆ ಇಲ್ಲಿ ಸಾಗದು.

ಕೊರತೆ ಇರುವುದು ಆರಂಭದಲ್ಲಿ. ಪಿಟೀಲು ಕಲಿಯುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ವಿಯೋಲಾವನ್ನು ಕೈಯಲ್ಲಿ ಹಿಡಿದೂ ನೋಡಿರುವುದಿಲ್ಲ. ಪಾಶ್ಚಾತ್ಯ ಪಿಟೀಲು ಕಲಿಸುವ ಶಾಲೆಗಳು, ಶಿಕ್ಷಕರು ಕಲಿಕೆಗೆ ತಕ್ಕ ಒಂದೇ ಒಂದು ವಿಯೋಲಾ ಕೊಂಡು ತರಗತಿಯಲ್ಲಿಡಲಿ. ನಾಲ್ಕನೇ ಗ್ರೇಡ್ ದಾಟಿದ ಪ್ರತಿ ವಿದ್ಯಾರ್ಥಿಗೂ ಒಂದು ತಿಂಗಳು ಅದನ್ನು ಮನೆಗೆ ಕೊಟ್ಟು ಕಳಿಸಲಿ. ತಂದೆತಾಯಿಗಳೂ ಈ ಬೇಡಿಕೆಯನ್ನು ಮುಂದಿನ ಪೋಷಕರ ಸಭೆಯಲ್ಲೇ ಇಡಬಹುದು.